ಒಂದು ಗೇಣು ಕಡಿಮೆ

ಗಿಡ್ಡಕ್ಕನಿಗೆ ಆ ಹೆಸರು ಯಾರಿಟ್ಟರೋ, ಯಾವಾಗ ಇಟ್ಟರೋ ಅವಳಿಗೇ ತಿಳಿಯದು. ಹುಟ್ಟುವಾಗ ಹೊಕ್ಕುಳಬಳ್ಳಿಯ ಜೊತೆಗೇ ಬಂದಿರಬೇಕು. ಅವಳ ತಾಯಿಯೂ ಗಿಡ್ಡಿಯೇ. ತಾಯಿ ಪೇಟೆಯ ಮೂಲೆಯಲ್ಲಿ ಹಗ್ಗ ಮಾರುತ್ತಿದ್ದಳು. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ; ಹಾಗೆ ಮೊಳ ಹಾಕಿ ಹಾಕಿ ಹಗ್ಗ ಅಳೆದು ಕೊಡಬೇಕು. ಕೊಳ್ಳಲು ಬಂದವರು ಸುಮ್ಮನಿರುತ್ತಾರೆಯೇ? "ಅಮ್ಮಾ, ನಿನ್ನ ಕೈ ಬೇಡ, ನಿನ್ನ ಗಂಡನ್ನ ಕರಿ, ಅವನು ಅಳೀಲಿ," ಎನ್ನುವರು. "ಅವನ ಕೈ ಉದ್ದಾನೇ. ಆದ್ರೆ ತಟ್ಟೆ ಕಡೆಗೆ ಮಾತ್ರ ಚಾಚುತ್ತೆ," ಎಂದು ತಾಯಿ ಹಗ್ಗ ಸುತ್ತಿ ಕೊಡುವಳು. ಪಕ್ಕದಲ್ಲಿ ಕೂತು ಗಂಟು ಬಿಡಿಸುತ್ತಿದ್ದ ಮಗಳಿಗೆ ಶಾಲೆಯ ಪಾಠಕ್ಕಿಂತ ಆ ಮಾತುಗಳೇ ಹೆಚ್ಚು ತಲೆಗೆ ಹತ್ತಿದವು. ಎರಡನೇ ತರಗತಿಗೆ ಓದು ನಿಂತಿತು. ಹೆಸರು ಬರೆಯುವಷ್ಟು ಅಕ್ಷರ ಬಂತು. ಕೈ ಮಾತ್ರ ತಾಯಿಯದೇ, ಅಚ್ಚು ಹಾಕಿದ ಹಾಗೆ.

ಮದುವೆಯಾದದ್ದು ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನ ಜೊತೆ. ಗಂಡ ಮಾತು ಕಡಿಮೆಯ ಮನುಷ್ಯ. ಹಳೆಯ ಬ್ಯಾಟರಿಗಳನ್ನು ಒಡೆದು ಒಳಗಿನ ತಗಡುಗಳನ್ನು ಕುಲುಮೆಗೆ ಹಾಕುವುದು ಅವನ ಕೆಲಸ. ಸಂಜೆ ಮನೆಗೆ ಬಂದರೆ ಕಣ್ಣರೆಪ್ಪೆಯ ಮೇಲೂ ಬೂದುಬಣ್ಣದ ಪುಡಿ ಕೂತಿರುತ್ತಿತ್ತು. ಅಲ್ಲಿ ಎಲ್ಲರೂ ಅದಕ್ಕೆ 'ಬೂದಿ' ಎನ್ನುತ್ತಿದ್ದರು. ಅದಕ್ಕೆ ಬೇರೆ ಹೆಸರಿದೆ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅವನ ಬಟ್ಟೆಯನ್ನು ಅವಳು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದಳು. ಅದು ಕಾಯಿಲೆಯ ಹೆದರಿಕೆಗಲ್ಲ, ಮಿಕ್ಕ ಬಟ್ಟೆ ಕಪ್ಪಾಗುತ್ತದೆಂದು.

"ಬಾಯೆಲ್ಲ ಸಿಹಿ ಸಿಹಿ ಅನ್ಸುತ್ತೆ ಕಣೇ," ಎನ್ನುತ್ತಿದ್ದ ಅವನು.

"ಆ ಬಾಯಿಂದ ಇವತ್ತಿನವರೆಗೂ ಒಂದು ಸಿಹಿ ಮಾತು ಬಂದಿಲ್ಲ, ಬಾಯಿ ಮಾತ್ರ ಸಿಹೀನಾ?" ಎಂದು ಇವಳು ನಗುತ್ತಿದ್ದಳು.

ಮಗನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಗಂಡನ ಮಣಿಕಟ್ಟು ಜೋತುಬಿತ್ತು. ಲೋಟ ಹಿಡಿದರೆ ಜಾರುತ್ತಿತ್ತು. ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಅವನೂ ಹೋದ. ಏನಾಗಿತ್ತು ಎಂದು ಕೇಳಿದರೆ ಆಸ್ಪತ್ರೆಯವರು ನರ ಎಂದರು, ಕಾರ್ಖಾನೆಯವರು ಕುಡಿತ ಎಂದರು. ಅವನು ಕುಡಿದದ್ದು ಚಹಾ ಒಂದೇ.

ಗೇಣು ಹೊಟ್ಟೆ ಕೇಳುತ್ತದೆಯೇ? ಗಿಡ್ಡಕ್ಕ ಬುಟ್ಟಿ ಹೊರಲು ಹೋದಳು. ಎಲ್ಲಿ ಕಟ್ಟಡವೋ ಅಲ್ಲಿ ಜಲ್ಲಿ, ಎಲ್ಲಿ ರಸ್ತೆಯೋ ಅಲ್ಲಿ ಮಣ್ಣು. ಹೀಗೆ ಹೊರುತ್ತಾ ಹೊರುತ್ತಾ ಒಂದು ದಿನ ಗಂಡ ದುಡಿದ ಜಾಗಕ್ಕೇ ಬಂದು ನಿಂತಳು. ಕಾರ್ಖಾನೆಯ ಗೋಡೆಗಳು ಬಿದ್ದು, ಹೊಗೆಕೊಳವೆ ಮುರಿದು, ಆ ಬಯಲು ಎಷ್ಟೋ ವರ್ಷ ಬೋಳಾಗಿ ಕಪ್ಪಗೆ ಬಿದ್ದಿತ್ತು. ಹುಲ್ಲು ಸಹ ಅಲ್ಲಿ ಅಂಚು ಬಿಟ್ಟು ಒಳಗೆ ಬರುತ್ತಿರಲಿಲ್ಲ. ಈಗ ಸರ್ಕಾರಿ ಕಚೇರಿಯವರು ಅದನ್ನು ಸರಿಮಾಡಿ ಮನೆ ಕಟ್ಟಲು ಕೊಡುತ್ತಾರಂತೆ. ಮೇಲಿನ ಬೂದಿಯನ್ನೆಲ್ಲ ಕೆರೆದು ಲಾರಿಯಲ್ಲಿ ಸಾಗಿಸಿ, ಇಡೀ ಬಯಲಿಗೆ ಕಿತ್ತಳೆ ಬಣ್ಣದ ಬಲೆ ಹಾಸಿ, ಬಲೆಯ ಮೇಲೆ ಹೊರಗಿನಿಂದ ತಂದ ಕೆಂಪು ಮಣ್ಣು ಹಾಕುವ ಕೆಲಸ. ಹೆಣ್ಣಾಳು ನಲವತ್ತು ಜನ.

ಮಣ್ಣು ಹಾಕುವ ಮೊದಲ ದಿನವೇ ಇಂಜಿನಿಯರ್ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ನೋಡ್ರಮ್ಮ, ಬೂದಿ ತೆಗೆದಾಯ್ತು. ಆದ್ರೂ ಕೆಳಗೆ ಸೀಸ ಉಳಿದಿದೆ. ಅದಕ್ಕೇ ಈ ಮಣ್ಣು. ಒಂದು ಮೀಟರ್. ಒಂದು ಬೆರಳು ಕಮ್ಮಿ ಆಗಬಾರದು."

ನಲವತ್ತು ಜನರ ಕಿವಿಗೂ ಅದು 'ಸೀಸೆ' ಎಂದೇ ಬಿತ್ತು. ಬೀಳದೆ ಏನು? ಕಾರ್ಖಾನೆಗೆ ಆಸಿಡ್ ಬರುತ್ತಿದ್ದದ್ದು ದೊಡ್ಡ ದೊಡ್ಡ ಗಾಜಿನ ಸೀಸೆಗಳಲ್ಲೇ. ಬೇಲಿಯ ಪಕ್ಕದಲ್ಲಿ ಒಡೆದ ಸೀಸೆಗಳ ರಾಶಿಯನ್ನು ಎಲ್ಲರೂ ಕಣ್ಣಾರೆ ಕಂಡವರೇ. ಕೆಳಗೆ ಗಾಜಿನ ಚೂರಿದೆ, ಕಾಲಿಗೆ ಚುಚ್ಚಬಾರದು, ಅದಕ್ಕೇ ಮುಚ್ಚುತ್ತಾರೆ ಎಂದು ತಿಳಿದುಕೊಂಡು ಎಲ್ಲರೂ ಚಪ್ಪಲಿ ಬಿಗಿ ಮಾಡಿಕೊಂಡರು.

ಮೂರನೇ ದಿನ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅಳತೆಕೋಲಿನ ಮೇಲೆ ಹತ್ತಿ ಅದನ್ನು ಮೂರು ತುಂಡು ಮಾಡಿತು. ಇಂಜಿನಿಯರ್ ಊರಲ್ಲಿಲ್ಲ. ಮೇಸ್ತ್ರಿ ಒಂದು ಕೈಯಲ್ಲಿ ಚಹಾ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಎಲ್ಲಿಂದಲೋ ಒಂದು ನೇರವಾದ ಕೋಲು ಎತ್ತಿಕೊಂಡು ಬಂದ. ಹತ್ತಿರ ನಿಂತಿದ್ದವಳು ಗಿಡ್ಡಕ್ಕ.

"ತಗೋ ಗಿಡ್ಡಕ್ಕ, ಎರಡು ಮೊಳ ನಾಲ್ಕು ಬೆರಳು ಅಳೆದು ಇಲ್ಲೊಂದು ಗೀರು ಹಾಕು. ಅದೇ ಮೀಟರ್ರು."

ಅವಳು ಕೋಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಹಗ್ಗದಂಗಡಿಯ ಮಾತೆಲ್ಲ ನೆನಪಿಗೆ ಬಂತು. ತನ್ನ ಮೊಳ ಊರಿನ ಮೊಳವಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಬುಟ್ಟಿ ಇಳಿಸುತ್ತಿದ್ದ ಸೊಂಟನೋವಿನವಳು ಮೆಲ್ಲಗೆ ಚಿವುಟಿದಳು.

"ಅಳೆಯೇ ತಾಯಿ ಅಳೆ. ನಿನ್ನ ಕೈ ಇವತ್ತು ನಲವತ್ತು ಸೊಂಟ ಉಳಿಸುತ್ತೆ. ಸೀಸೆ ಚೂರು ಮುಚ್ಚೋಕೆ ಸಮುದ್ರದಷ್ಟು ಮಣ್ಣು ಬೇಕಾ?"

ಗಿಡ್ಡಕ್ಕ ನಕ್ಕಳು. ಅಳೆದಳು. ಗೀರು ಹಾಕಿದಳು. ಮುಂದಿನ ಎರಡು ತಿಂಗಳು ಆ ಬಯಲಿನ ಉದ್ದಗಲಕ್ಕೂ ಆ ಕೋಲೇ ನಡೆಯಿತು. ಊರಿಗೆ ಮರಳಿದ ಇಂಜಿನಿಯರ್ ಅದೇ ಕೋಲನ್ನು ಇನ್ನೂರು ಕಡೆ ಊರಿಸಿ, ಪುಸ್ತಕದಲ್ಲಿ ಇನ್ನೂರು ಸಲ 'ಒಂದು ಮೀಟರ್' ಎಂದು ಬರೆದುಕೊಂಡು ಹೋದರು.

ಎರಡು ವರ್ಷದ ಮೇಲೆ ಅಲ್ಲಿ ಬೀದಿಯಾಯಿತು, ಇಪ್ಪತ್ತೆರಡು ಮನೆಯಾಯಿತು. ಹಳೆಯ ಕಾರ್ಖಾನೆಯವರ ಮನೆಯವರಿಗೆ ಮೊದಲು ಎಂದು ಒಂದು ಮನೆ ಗಿಡ್ಡಕ್ಕನ ಪಾಲಿಗೂ ಬಂತು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಹತ್ತು ಹೆಜ್ಜೆ ಅಂಗಳ. ಬೀಗದ ಕೈ ಕೊಡುವ ಮುಂಚೆ ಗುಮಾಸ್ತನೊಬ್ಬ ಷರತ್ತುಗಳನ್ನು ಓದಿದ. ಬಸ್ಸು ಹೊರಡುವಾಗ ಊರುಗಳ ಹೆಸರು ಕೂಗುತ್ತಾರಲ್ಲ, ಆ ವೇಗದಲ್ಲಿ. ಮೊಳಕ್ಕಿಂತ ಆಳ ಅಗೆಯಬಾರದು. ಬಾವಿ ತೆಗೆಯಬಾರದು. ಹಣ್ಣಿನ ಮರ ನೆಡಬಾರದು. ಗೆಡ್ಡೆ ಗೆಣಸು ಬೆಳೆಯಬಾರದು. ಸೊಪ್ಪು ಹಾಕಿಕೊಳ್ಳಬಹುದು. ಎಲ್ಲರೂ ಕೆಳಗೆ ರುಜು ಹಾಕಿದರು. ಬೀದಿಯ ತಲೆಯಲ್ಲಿ ಒಂದು ಬೋರ್ಡೂ ನಿಂತಿತು: ನೆಲದಡಿ ಸೀಸವಿದೆ, ಎಚ್ಚರಿಕೆ. ಅಕ್ಷರ ಬಂದವರು ಅದನ್ನು ಓದಿ ಮಕ್ಕಳಿಗೆ ಹೇಳಿದರು, "ಬರಿಗಾಲಲ್ಲಿ ಓಡಬೇಡಿ, ಗಾಜು ಚುಚ್ಚುತ್ತೆ."

ಗಿಡ್ಡಕ್ಕ ಒಂದು ಷರತ್ತನ್ನೂ ಮೀರಲಿಲ್ಲ. ಬರೀ ಸೊಪ್ಪು ಹಾಕಿದಳು. ಆ ಹತ್ತು ಹೆಜ್ಜೆಯಲ್ಲಿ ಅವಳು ಬೆಳೆದ ಸೊಪ್ಪು ಬೀದಿಯ ಅರ್ಧ ಒಲೆಗಳಿಗೆ ಆಗುತ್ತಿತ್ತು. ಪಕ್ಕದ ಮನೆಯ ಟೈಲರ್ ಬೇಲಿಯಾಚೆಯಿಂದ ಕೈ ಚಾಚಿ, "ಗಿಡ್ಡಕ್ಕ, ನಿನ್ನ ಕೈಗುಣ ಕಣಕ್ಕ, ನಾನು ಹಾಕಿದ್ರೆ ಕಳೆ ಕೂಡ ಬರಲ್ಲ," ಎನ್ನುವನು. "ಕತ್ತರಿ ಹಿಡಿದ ಕೈ ಅದು, ಕತ್ತರಿಸೋದು ಬಿಟ್ಟು ಬೆಳೆಸುತ್ತಾ?" ಎಂದು ಇವಳು ಒಂದು ಕಟ್ಟು ಕಿತ್ತು ಕೊಡುವಳು. ಮಗ ದೊಡ್ಡವನಾಗಿ ವ್ಯಾನ್ ಓಡಿಸತೊಡಗಿದ. ಸೊಸೆ ಬಂದಳು. ಮೊಮ್ಮಗಳು ಹುಟ್ಟಿದಳು, ಪುಟ್ಟಿ.

ಪುಟ್ಟಿ ನಡೆಯಲು ಕಲಿತದ್ದು ಆ ಅಂಗಳದಲ್ಲೇ. ಹೆಗ್ಗಣಗಳು ಬಿಲ ತೋಡಿ ಹೊರಗೆ ಗುಡ್ಡೆ ಹಾಕಿದ ಕಪ್ಪು ಮಣ್ಣೆಂದರೆ ಅವಳಿಗೆ ಪ್ರಾಣ. ಹಿಟ್ಟಿನಷ್ಟು ನುಣುಪು. ಚಪ್ಪಲಿ ಹಾಕಿಸಿ ಕೂರಿಸಿದರೆ ಗಂಟೆಗಟ್ಟಲೆ ಅದರಲ್ಲಿ ಮನೆ ಕಟ್ಟುವಳು, ಬೆರಳು ಬಾಯಿಗೆ ಹೋಗುತ್ತಿತ್ತು, ಹೊಡೆದರೆ ನಗುವಳು. ಮಣ್ಣು ತಿನ್ನದ ಮಗು ಯಾವುದಿದೆ ಎಂದು ಗಿಡ್ಡಕ್ಕ ಸುಮ್ಮನಿದ್ದಳು.

ನಾಲ್ಕು ತುಂಬಿ ಶಾಲೆಗೆ ಸೇರಿಸಿದ ಮೇಲೆ ಅಲ್ಲಿ ಎಲ್ಲ ಮಕ್ಕಳ ರಕ್ತ ತೆಗೆದು ಪರೀಕ್ಷೆ ಮಾಡಿದರು. ಒಂದು ವಾರಕ್ಕೆ ಕಾಗದ ಬಂತು. ಸೊಸೆ ಬಾಗಿಲಲ್ಲೇ ನಿಂತು ಓದಿದಳು, ಇನ್ನೊಮ್ಮೆ ಓದಿದಳು.

"ಅತ್ತೆ, ಪುಟ್ಟಿ ರಕ್ತದಲ್ಲಿ ಸೀಸ ಇದೆಯಂತೆ."

ಗಿಡ್ಡಕ್ಕ ಒಳಗಿಂದ ಓಡಿ ಬಂದಳು. "ಅಯ್ಯೋ! ಚೂರು ನುಂಗಿಬಿಟ್ಟಳಾ? ಯಾವಾಗ? ಹೊಟ್ಟೆ ಕುಯ್ದು ತೆಗೀಬೇಕಾ?"

"ಯಾವ ಚೂರು?"

"ಸೀಸೆ ಚೂರು!"

"ಸೀಸೆ ಅಲ್ಲ ಅತ್ತೆ, ಸೀಸ. ಲೋಹ. ಬ್ಯಾಟರಿ ಒಳಗಿರುತ್ತಲ್ಲ, ಅದು. ಮಕ್ಕಳ ಮೈಗೆ ಸೇರಿದ್ರೆ ಬುದ್ಧಿ ಬೆಳೆಯಲ್ಲ, ಕೈಕಾಲಿಗೆ ಶಕ್ತಿ ಇರಲ್ಲ ಅಂತ ಬರೆದಿದ್ದಾರೆ."

ಗಿಡ್ಡಕ್ಕ ಹೊಸಿಲ ಮೇಲೆ ಕೂತುಬಿಟ್ಟಳು. ಜೋತುಬಿದ್ದ ಮಣಿಕಟ್ಟು, ಸಿಹಿಯಾದ ಬಾಯಿ, ಬೇರೆ ಬಕೆಟ್ಟು, ಒಂದೊಂದೇ ಬಂದು ಎದುರು ನಿಂತವು. ಬೂದಿಗೆ ಹೆಸರು ಗೊತ್ತಾಗಲು ಅವಳಿಗೆ ಮುಕ್ಕಾಲು ಬದುಕು ಬೇಕಾಯಿತು.

ಮಗುವನ್ನು ಆ ನೆಲದ ಮೇಲೆ ಬಿಡಬಾರದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಮಾರನೆಯ ದಿನವೇ ಸೊಸೆ ಪುಟ್ಟಿಯ ಬಟ್ಟೆ ಗಂಟು ಕಟ್ಟಿ ತವರಿಗೆ ಹೊರಟಳು. ಬಯ್ಯಲಿಲ್ಲ, ಅಳಲಿಲ್ಲ. "ನೆಲ ಸರಿಯಾದ ಮೇಲೆ ಬರ್ತೀವಿ ಅತ್ತೆ," ಎಂದಳು, ಅಷ್ಟೇ. ಮಗ ವ್ಯಾನಿನಲ್ಲಿ ಬಿಟ್ಟು ಬಂದವನು ಗೋಡೆ ನೋಡುತ್ತಾ ಊಟ ಮಾಡಿದ. ಗಿಡ್ಡಕ್ಕನಿಗೆ ಅಂದಿನಿಂದ ಒಂದೇ ಜಪ: ನೆಲ ಸರಿಯಾಗಬೇಕು, ಪುಟ್ಟಿ ಬರಬೇಕು.

ಶಾಲೆಯ ಕಾಗದದ ಬೆನ್ನಿಗೇ ಕಚೇರಿಯಿಂದ ಒಬ್ಬ ಹೆಂಗಸು ಬಂದಳು. ದಪ್ಪ ಕನ್ನಡಕ, ದಪ್ಪ ಬೂಟು, ಕೈಯಲ್ಲಿ ಮಣ್ಣಿಗೆ ತಿರುಗಿಸಿ ಇಳಿಸುವ ಉದ್ದನೆಯ ಕಬ್ಬಿಣದ ಕೊಳವೆ. ಸಂಜೆಯೊಳಗೆ ಬೀದಿ ಅವಳಿಗೆ 'ಮಣ್ಣಿನ ಮೇಡಂ' ಎಂದು ಹೆಸರಿಟ್ಟಿತು. ಅವಳು ಪ್ರತಿ ಮನೆಯ ಅಂಗಳದಲ್ಲೂ ಕೊಳವೆ ಇಳಿಸಿ, ಕಿತ್ತಳೆ ಬಲೆ ತಗಲುವವರೆಗೆ ಎಷ್ಟು ಸೆಂಟಿಮೀಟರು ಆಳ ಎಂದು ಟೇಪು ಹಿಡಿದು ಬರೆದುಕೊಂಡಳು. ಎಂಬತ್ತೆರಡು. ಎಂಬತ್ತೊಂದು. ಎಂಬತ್ತೆರಡು. ಮತ್ತೆ ಎಂಬತ್ತೆರಡು. ಗಿಡ್ಡಕ್ಕನ ಅಂಗಳದಲ್ಲಿ ಹೆಗ್ಗಣದ ಗುಡ್ಡೆಯನ್ನು ಬೆರಳಲ್ಲಿ ಕೆದಕಿ, ಕಚ್ಚಿ ಹರಿದ ಕಿತ್ತಳೆ ಎಳೆಯೊಂದನ್ನು ಎತ್ತಿ ಹಿಡಿದಳು.

"ನೋಡಿ, ಹೆಗ್ಗಣ ಬಲೆ ದಾಟಿ ಕೆಳಗಿಂದ ಮಣ್ಣು ತಂದಿದೆ. ಮೀಟರ್ ಅಂತ ಇಟ್ಟಿದ್ದೇ ಇದಕ್ಕೆ. ಅಷ್ಟು ಆಳ ಅವು ಹೋಗೋದು ಕಮ್ಮಿ. ಇಲ್ಲಿ ನೂರು ಇರಬೇಕಿತ್ತು, ಎಂಬತ್ತೆರಡಿದೆ. ಒಂದು ಗೇಣು ಕಡಿಮೆ."

"ನಮ್ಮನೆ ಹೆಗ್ಗಣಕ್ಕೆ ಟೇಪು ಕೊಟ್ಟಿರಲಿಲ್ಲ ಮೇಡಂ," ಎಂದ ಟೈಲರ್.

"ಒಂದು ಮನೇಲಿ ಕಮ್ಮಿ ಆದ್ರೆ ಅರ್ಥ ಇದೆ. ಎಲ್ಲಾ ಕಡೆ ಅದೇ ಗೇಣು, ಅಳೆದಿಟ್ಟ ಹಾಗೆ. ಹೇಗೆ ಅಂತ ನನಗೇ ತಿಳೀತಿಲ್ಲ," ಎಂದು ಮೇಡಂ ತಲೆ ಕೆರೆದುಕೊಂಡಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ. ಆ ಗೇಣಿನ ಕಾರಣ ಅವಳ ಎದುರೇ ನಿಂತು, ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿತ್ತು.

ಮುಂದೇನು ಎಂದು ಟೈಲರ್ ಕೇಳಿದ. ಮೇಡಂ ಬಿಡಿಸಿ ಹೇಳಿದಳು. ಮಣ್ಣು ಹಾಕುವಾಗಲೇ ಕಡಿಮೆ ಹಾಕಿದ್ದರೆ ಅದು ಹಾಕಿಸಿದವರ ತಪ್ಪು. ಕಚೇರಿಯೇ ಒಳ್ಳೆಯ ಮಣ್ಣು ತಂದು, ಹೊಸ ಬಲೆ ಹಾಸಿ, ಸರಿಮಾಡಿ ಕೊಡಬೇಕು. ಹಾಕಿದ ಮೇಲೆ ಮಳೆಗೆ ಕುಸಿದಿದ್ದರೆ ಅದು ಮನೆಯವರ ಜವಾಬ್ದಾರಿ. ಷರತ್ತಿನಲ್ಲಿ ಹಾಗೇ ಇದೆ. ಆಗ ಅಂಗಳಕ್ಕೆಲ್ಲ ಸಿಮೆಂಟು ಬಳಿದು ಮುಚ್ಚುವುದೊಂದೇ ದಾರಿ. ಎರಡರಲ್ಲಿ ಒಂದು ಆಗುವವರೆಗೆ ಸೊಪ್ಪು ಕಡ್ಡಿ ಏನೂ ಬೆಳೆಯುವಂತಿಲ್ಲ, ಮಕ್ಕಳನ್ನು ಅಂಗಳಕ್ಕೆ ಬಿಡುವಂತಿಲ್ಲ, ಮನೆ ಮಾರುವಂತಿಲ್ಲ.

"ಪುಸ್ತಕದಲ್ಲಿ ಇನ್ನೂರು ಕಡೆ ಒಂದು ಮೀಟರ್ ಅಂತಿದೆ," ಎಂದು ಮೇಡಂ ಕೊಳವೆ ಒರೆಸಿಕೊಂಡಳು. "ಸುಳ್ಳು ಅಂತ ಹೇಳೋಕೆ ಯಾರಾದ್ರೂ ಬೇಕು."

ಗಿಡ್ಡಕ್ಕ ಎರಡು ದಿನ ಅನ್ನ ನೀರು ಬಿಟ್ಟವಳ ಹಾಗೆ ಇದ್ದಳು. ಮೂರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರ ಎದುರು ಹೇಳಿಬಿಟ್ಟಳು. ಕೋಲು, ಗೀರು, ತನ್ನ ಮೊಳ, ಎಲ್ಲ. ಸೊಂಟನೋವಿನವಳು, ಈಗ ಅದೇ ಬೀದಿಯ ಕೊನೆಮನೆಯವಳು, ಕೊಡ ಎತ್ತಿಕೊಂಡು, "ನನಗೇನೂ ನೆನಪಿಲ್ಲಪ್ಪ, ನಾನು ಆಗ ಬೇರೆ ಕೆಲಸಕ್ಕಿದ್ದೆ," ಎಂದು ತುಂಬದ ಕೊಡದೊಂದಿಗೇ ನಡೆದಳು.

ಟೈಲರ್‌ನ ಮುಖ ಕೆಂಪಾಯಿತು. ಅವನಿಗೂ ಇಬ್ಬರು ಮಕ್ಕಳು.

"ಅಲ್ಲ ಗಿಡ್ಡಕ್ಕ, ಗೊತ್ತಿದ್ದೂ ಅಳೆದ್ಯಾ?"

"ಗೊತ್ತಿತ್ತಪ್ಪ. ಸೀಸೆ ಅನ್ಕೊಂಡೆ."

"ಸೀಸೆಯಂತೆ! ನಮ್ಮ ಮಕ್ಕಳ ಹೊಟ್ಟೆಗೆ ನಿನ್ನ ಮೊಳ ಹಾಕಿದ್ಯಲ್ಲ ತಾಯಿ. ಮೇಲಿಂದ ಸೊಪ್ಪು ಬೇರೆ ಹಂಚಿದೆ!"

"ನೀನೂ ಬೋರ್ಡು ಓದಿದ್ಯಲ್ಲ. ನೀನೇನಂತ ಓದ್ದೆ?"

ಅವನು ಮನೆಗೆ ಹೋಗಿ ಮಿಷನ್ನು ತುಳಿಯತೊಡಗಿದ. ಬಟ್ಟೆಯಿಲ್ಲದೆ ಬರೀ ಮಿಷನ್ನೇ ಓಡುವ ಸದ್ದು ಬೀದಿಗೆಲ್ಲ ಕೇಳಿಸಿತು.

ಅವಳು ಮೇಸ್ತ್ರಿಯನ್ನು ಹುಡುಕಿಕೊಂಡು ಹೋದಳು. ಮೇಸ್ತ್ರಿ ಈಗ ಮಗನ ಸಿಮೆಂಟ್ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಮುದುಕ. ಕೂದಲಿಗೆ ಬಣ್ಣ ಹಚ್ಚಿದ್ದ, ಹುಬ್ಬಿಗೆ ಹಚ್ಚುವುದು ಮರೆತಿದ್ದ. ಕೂರಿಸಿ ಚಹಾ ತರಿಸಿದ. ಕೇಳಿದ್ದಕ್ಕೆ ಸುತ್ತಿ ಬಳಸಲಿಲ್ಲ.

"ನೆನಪಿದೆ ಗಿಡ್ಡಕ್ಕ. ಲಾರಿ ಹತ್ತಿದ್ದು, ನಿನ್ನ ಗೀರು, ಎಲ್ಲಾ ನೆನಪಿದೆ. ಎರಡು ವಾರದ ಮೇಲೆ ನನ್ನ ಕೈ ಹಾಕಿ ನೋಡ್ದೆ, ಗೇಣು ಕಮ್ಮಿ ಇತ್ತು. ಆಗ್ಲೇ ಕಾಲು ಭಾಗ ಬಯಲು ಮುಗಿದಿತ್ತು. ಮತ್ತೆ ಶುರು ಮಾಡಿಸ್ತಾರಾ?"

"ಹಂಗಾದ್ರೆ ಬಂದು ಹೇಳು ಮೇಸ್ತ್ರಿ. ನನ್ನ ಮೊಮ್ಮಗಳು ಮನೆಗೆ ಬರೋ ಹಂಗಿಲ್ಲ."

"ಹೇಳಲ್ಲ."

"ಯಾಕೆ?"

"ನೀನು ಕೈಯಲ್ಲಿ ಅಳೆದೆ, ನಾನು ಕಣ್ಣು ಮುಚ್ಚಿದೆ, ಇಂಜಿನಿಯರ್ ರುಜು ಹಾಕಿದ. ಮೂರು ಜನ ಸೇರಿ ಒಂದು ಮೀಟರ್ ಮಾಡಿದ್ವಿ. ಅವನು ಸತ್ತ. ಕೆಲಸ ಹಿಡಿದಿದ್ದವನ ವಿಳಾಸ ಇಲ್ಲ. ಉಳಿದಿದ್ದು ಯಾರ ಕುತ್ತಿಗೆ? ನಂದೇ. ಈ ವಯಸ್ಸಲ್ಲಿ ನಾನು ಕಟಕಟೆ ಹತ್ತಬೇಕಾ?" ಅವನು ಚಹಾ ಲೋಟ ಅವಳ ಹತ್ತಿರಕ್ಕೆ ಸರಿಸಿದ. "ಆರೋಗುತ್ತೆ, ಕುಡಿ."

ಅವಳು ಕುಡಿಯಲಿಲ್ಲ. ಬೈಯದೆ ಎದ್ದಳು. ಅವನ ಹೆದರಿಕೆ ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು.

ಅಲ್ಲಿಂದ ನೇರ ಕಚೇರಿಗೇ ಹೋದಳು. ಉದ್ದನೆಯ ಕೋಣೆ, ಮೇಜಿನ ಮೇಲೆ ಫೈಲುಗಳ ಅಟ್ಟಿ, ಫೈಲುಗಳ ಮೇಲೆ ಹಾರದಿರಲೆಂದು ಬೇರೆ ಬೇರೆ ಬಯಲಿಂದ ತಂದ ಕಲ್ಲುಗಳು. ಮಣ್ಣಿನ ಮೇಡಂ ಅವಳನ್ನು ಕೂರಿಸಿ ಪೂರ್ತಿ ಕೇಳಿದಳು. ಕೇಳಿ, ಡ್ರಾಯರಿನಿಂದ ಟೇಪು ತೆಗೆದಳು.

"ಕೈ ಇಡಿ ಅಮ್ಮ."

ಗಿಡ್ಡಕ್ಕ ತೋಳು ಮಡಚಿ ಮೇಜಿನ ಮೇಲೆ ಇಟ್ಟಳು. ಮೊಳಕೈಯಿಂದ ನಡುಬೆರಳ ತುದಿಗೆ ಮೂವತ್ತೆಂಟು. ಎರಡು ಮೊಳಕ್ಕೆ ಎಪ್ಪತ್ತಾರು. ನಾಲ್ಕು ಬೆರಳಿಗೆ ಇನ್ನೂ ಆರು. ಮೇಡಂ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದಳು.

"ಎಂಬತ್ತೆರಡು."

ಹಿಂದಿನ ಮೇಜಿನ ಗುಮಾಸ್ತ ಇಣುಕಿ ನೋಡಿದ. "ಸಾಕ್ಷಿ ಚೆನ್ನಾಗಿದೆ ಮೇಡಂ. ಕತ್ತರಿಸಿ ಫೈಲಿಗೆ ಲಗತ್ತಿಸೋಣ್ವಾ?"

"ನೀವು ಸುಮ್ನಿರಿ," ಎಂದು ಮೇಡಂ ಗದರಿದಳು. ಆದರೆ ಆಮೇಲೆ ಅವಳು ಹೇಳಿದ್ದೂ ಹೆಚ್ಚುಕಡಿಮೆ ಅದೇ. "ನಾನು ನಂಬ್ತೀನಿ ಅಮ್ಮ. ಇಷ್ಟು ಸರಿಯಾಗಿ ಕೂರೋದು ಸುಳ್ಳಲ್ಲಿ ಆಗಲ್ಲ. ಆದ್ರೆ ನನ್ನ ನಂಬಿಕೆ ಫೈಲಲ್ಲಿ ನಡೆಯಲ್ಲ. ನೀವು ಆ ಕೆಲಸದಲ್ಲಿ ಇದ್ರಿ ಅನ್ನೋದಕ್ಕೆ ಏನಾದ್ರೂ ಇದೆಯಾ?"

ಹಳೆಯ ಪುಸ್ತಕ ತರಿಸಿ ಇಬ್ಬರೂ ಹಾಳೆ ಹಾಳೆ ತಿರುವಿದರು. ಲಾರಿಗಳ ನಂಬರು ಇತ್ತು. ಡ್ರೈವರುಗಳ ಹೆಸರು ಇತ್ತು. ಕಾವಲಿಗೆ ಕಟ್ಟಿದ್ದ ನಾಯಿಗೆ ಹಾಕಿದ ಅನ್ನದ ಲೆಕ್ಕವೂ ಇತ್ತು. ಮಣ್ಣು ಹೊತ್ತವರ ಕಡೆ ಪ್ರತಿದಿನ ಒಂದೇ ಸಾಲು: ಹೆಣ್ಣಾಳು, ನಲವತ್ತು.

"ಇದರಲ್ಲಿ ನಾನೊಬ್ಬಳು," ಎಂದು ಗಿಡ್ಡಕ್ಕ ನಲವತ್ತರ ಮೇಲೆ ಬೆರಳಿಟ್ಟಳು.

"ಯಾವೊಬ್ಬಳು ಅಂತ ಇಲ್ಲವಲ್ಲ ಅಮ್ಮ."

ಗಿಡ್ಡಕ್ಕ ಕುರ್ಚಿಯಿಂದ ಇಳಿದು ನಿಂತಳು. "ಹೋಗ್ಲಿ ಮೇಡಂ. ತಪ್ಪು ಯಾರದ್ದೋ ಬರ್ಕೊಳ್ಳಿ. ಒಂದು ಗೇಣು ಮಣ್ಣು ತಾನೆ? ನನ್ನ ಅಂಗಳಕ್ಕೆ ನಾನೇ ಹೊರ್ತೀನಿ. ನನ್ನ ತಲೆ ಇನ್ನೂ ಗಟ್ಟಿ ಇದೆ."

"ಹೊರಗಿನ ಮಣ್ಣು ಪರೀಕ್ಷೆ ಇಲ್ದೆ ಒಳಗೆ ಬರೋ ಹಂಗಿಲ್ಲ. ಪರೀಕ್ಷೆಗೆ ಅನುಮತಿ ಬೇಕು. ಅನುಮತಿಗೆ ಮಣ್ಣು ಯಾಕೆ ಕಮ್ಮಿ ಆಯ್ತು ಅಂತ ಮೊದಲು ತೀರ್ಮಾನ ಆಗಬೇಕು."

ಎತ್ತಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುವುದು, ಗಾಣದೆತ್ತಿನ ಹಾಗೆ. ಮೇಡಂಗೂ ಅದು ಗೊತ್ತಿತ್ತು. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಒಂದು ಅಚ್ಚಾದ ಹಾಳೆಯನ್ನು ಮುಂದಿಟ್ಟಳು. ಮಳೆಯಿಂದ, ಕಾಲಕ್ರಮದಲ್ಲಿ ಮಣ್ಣು ಕುಸಿದಿದೆ ಎಂದು ಮನೆಯವರು ಒಪ್ಪಿ ರುಜು ಹಾಕಿದರೆ, ಕಚೇರಿಯವರು ಇದೊಂದು ಸಲ ಸಿಮೆಂಟು ಕೊಟ್ಟು ಅಂಗಳ ಮುಚ್ಚಿಸುತ್ತಾರೆ. ಮುಂದಿನ ತಿಂಗಳೇ ಆಗುತ್ತದೆ. ಇಲ್ಲ, ಕಡಿಮೆ ಹಾಕಿದ್ದೇ ನಿಜ ಎಂದು ಹಟ ಹಿಡಿದರೆ ಫೈಲು ಮೇಲಕ್ಕೆ ಹೋಗುತ್ತದೆ.

"ಮೇಲಕ್ಕೆ ಹೋದ್ರೆ ಎಷ್ಟು ದಿನ?"

"ದಿನ ಅಂತ ಕೇಳಬೇಡಿ."

"ಅಲ್ಲೀವರೆಗೆ ನೆಲ?"

"ಹಾಗೇ ಇರುತ್ತೆ."

"ಇದರಲ್ಲಿ ಬರೆದಿರೋದು ಸುಳ್ಳಲ್ವಾ ಮೇಡಂ?"

ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಪಕ್ಕ ಇಟ್ಟಳು.

ಗಿಡ್ಡಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತು ಸೊಸೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಆ ಕಡೆ ಪುಟ್ಟಿ ಯಾವುದಕ್ಕೋ ರಂಪ ಮಾಡುತ್ತಿದ್ದದ್ದು ಕೇಳಿಸುತ್ತಿತ್ತು.

"ಅತ್ತೆ," ಎಂದಳು ಸೊಸೆ, "ನಿಮಗೆ ನಿಜ ಹೇಳಿ ಹಗುರ ಆಗಬೇಕು, ನನಗೆ ಗೊತ್ತು. ನನಗೆ ಈ ಮಗು ಕಾಲಿಡೋಕೆ ನೆಲ ಬೇಕು. ನಮ್ಮಮ್ಮನ ಮನೇಲಿ ಎಂಟು ಜನ ಒಂದು ಕೋಣೇಲಿದ್ದೀವಿ. ಎಷ್ಟು ದಿನ ಅಂತ ಇರಲಿ?"

"ರುಜು ಹಾಕ್ಲಾ?"

"ಹಾಕಿ ಅತ್ತೆ."

ಅವಳು ಒಳಗೆ ಹೋಗಿ ರುಜು ಹಾಕಿದಳು. ಎರಡನೇ ತರಗತಿಯ ಅಕ್ಷರ. ಒಂದೊಂದಕ್ಕೂ ಪೆನ್ನು ಎತ್ತಿ ಇಟ್ಟು ಬರೆದಳು. ಮಿಕ್ಕ ಇಪ್ಪತ್ತೊಂದು ಮನೆಯವರೂ ಅದೇ ವಾರ ಹೋಗಿ ಹಾಕಿ ಬಂದರು. ಯಾರೊಬ್ಬರೂ ಅವಳ ಮೊಳದ ಮಾತೆತ್ತಲಿಲ್ಲ. ಎತ್ತಿದರೆ ಫೈಲು ಮೇಲಕ್ಕೆ ಹೋಗುತ್ತಿತ್ತು.

ಮುಂದಿನ ತಿಂಗಳು ಅಲ್ಲ, ಅದರ ಮುಂದಿನ ತಿಂಗಳು ಗಾರೆಯವರು ಬಂದರು. ಸೊಪ್ಪಿನ ಮಡಿಗಳನ್ನು ಸಲಿಕೆಯಲ್ಲಿ ಸವರಿ, ಹೆಗ್ಗಣದ ಬಿಲಗಳಿಗೆ ಜಲ್ಲಿ ತುಂಬಿ, ಇಡೀ ಅಂಗಳಕ್ಕೆ ಸಿಮೆಂಟು ಸುರಿದು ಹಲಗೆಯಲ್ಲಿ ಎಳೆದರು. ಮಧ್ಯಾಹ್ನದೊಳಗೆ ಮುಗಿಯಿತು. ಹೊರಡುವಾಗ, "ಅಮ್ಮ, ಹದಿನೈದು ದಿನ ಬೆಳಿಗ್ಗೆ ಸಂಜೆ ನೀರು ಹಾಕಬೇಕು, ಇಲ್ಲಾಂದ್ರೆ ಬಿರುಕು ಬಿಡುತ್ತೆ," ಎಂದು ಹೇಳಿ ಹೋದರು.

ಸೊಸೆಗೆ ಫೋನು ಮಾಡಿದರೆ, "ಒಣಗಲಿ ಅತ್ತೆ. ಆಮೇಲೆ ಇನ್ನೊಂದು ಸಲ ರಕ್ತ ಪರೀಕ್ಷೆ ಅಂದಿದ್ದಾರೆ. ಅದು ಬರಲಿ, ನೋಡೋಣ," ಎಂದಳು. ಬರುತ್ತೇವೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಗಿಡ್ಡಕ್ಕ ತಂಬಿಗೆಯಲ್ಲಿ ನೀರು ತಂದು ಸಿಮೆಂಟಿಗೆ ಚಿಮುಕಿಸುತ್ತಿದ್ದಳು. ಬೇಲಿಯಾಚೆ ಟೈಲರ್ ಕಾಣಿಸಿಕೊಂಡ. ನಲ್ಲಿಯ ಜಗಳದ ಮೇಲೆ ಅವನು ಅವಳನ್ನು ಮಾತಾಡಿಸಿದ್ದು ಅದೇ ಮೊದಲು. ಅವನ ಅಂಗಳವೂ ಬೂದುಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು.

"ಎಲ್ಲಾ ಆ ಮಳೆಯಿಂದ ಗಿಡ್ಡಕ್ಕ," ಎಂದ ಅವನು, ದನಿ ತಗ್ಗಿಸಿ, ಸಮಾಧಾನ ಹೇಳುವವನ ಹಾಗೆ. "ನಾವು ಬಂದ ಮೂರನೇ ವರ್ಷ ಸುರೀತಲ್ಲ, ಎಂಟು ದಿನ ಬಿಡದೆ. ನನ್ನ ಮೆಟ್ಟಿಲು ಮುಳುಗಿತ್ತು. ಅವತ್ತೇ ಅನ್ಕೊಂಡೆ, ಈ ಮಣ್ಣು ಕುಸಿಯುತ್ತೆ ಅಂತ. ನಿನಗೆ ನೆನಪಿಲ್ವಾ?"

ಅಂಥ ಮಳೆ ಯಾವ ವರ್ಷವೂ ಬಂದಿರಲಿಲ್ಲ. ಗಿಡ್ಡಕ್ಕ ಅವನ ಮುಖ ನೋಡಿದಳು. ಅದರಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಅವನು ಆ ಮಳೆಯನ್ನು ಕಣ್ಣಾರೆ ಕಂಡಿದ್ದ. ಕೊನೆಮನೆಯವಳೂ ಗೇಟಿಗೆ ಬಂದು ನಿಂತು, "ಒಂಬತ್ತು ದಿನ ಕಣಪ್ಪ, ಎಂಟಲ್ಲ," ಎಂದಳು.

"ಇರಬಹುದಪ್ಪ," ಎಂದು ಗಿಡ್ಡಕ್ಕ ತಂಬಿಗೆ ತುಂಬಿಸಿಕೊಳ್ಳಲು ಒಳಗೆ ಹೋದಳು. ಗೋಡೆಯ ಪಕ್ಕದ ಮೂಲೆಗೆ ಇನ್ನೂ ನೀರು ಹಾಕಿರಲಿಲ್ಲ.